ಹೆರಿಟೇಜ್ ತಿಂಗಳು ಬಂತು, ಕನ್ನಡದವರು ಏನು ಮಾಡಬಹುದು?

ಅಮೆರಿಕದಲ್ಲಿ ಏಪ್ರಿಲ್ ಕೊನೆಗೆ ಮಕ್ಕಳ ಶಾಲೆಯಿಂದ ಒಂದು ಈಮೇಲ್ ಬರುತ್ತದೆ. ಮೇ ತಿಂಗಳು ಏಷ್ಯನ್ ಹೆರಿಟೇಜ್ ತಿಂಗಳು, ಪೋಷಕರು ಯಾರಾದರೂ ಬಂದು ನಿಮ್ಮ ಸಂಸ್ಕೃತಿಯ ಬಗ್ಗೆ ಹೇಳ್ತೀರಾ ಅಂತ. ಅದು ವಾಟ್ಸ್‌ಆ್ಯಪ್ ಗುಂಪಿಗೆ ಫಾರ್ವರ್ಡ್ ಆಗುತ್ತದೆ. ನಾಲ್ಕು ಹೆಬ್ಬೆರಳು ಬೀಳುತ್ತವೆ. ಕೊನೆಗೆ ಯಾರೋ ಒಬ್ಬರು ಹಿಂದಿನ ರಾತ್ರಿ ಕೂತು ತಾಜ್ ಮಹಲ್ ಚಿತ್ರ ಅಂಟಿಸಿಕೊಂಡು, ಸಮೋಸ ಕಟ್ಟಿಸಿಕೊಂಡು ಹೋಗಿ ಬರುತ್ತಾರೆ. ಕನ್ನಡ ಅನ್ನುವ ಭಾಷೆ ಒಂದಿದೆ ಅಂತ ಆ ತರಗತಿಗೆ ಗೊತ್ತೇ ಆಗುವುದಿಲ್ಲ.

ನವೆಂಬರ್‌ನಲ್ಲಿ ಇದರ ಉಲ್ಟಾ. ಕನ್ನಡ ಕೂಟದ ರಾಜ್ಯೋತ್ಸವ ಭರ್ಜರಿಯಾಗಿ ನಡೆಯುತ್ತದೆ. ಹಾಲ್ ತುಂಬ ಜನ, ಬಿಸಿಬೇಳೆ ಬಾತ್, ಮಕ್ಕಳ ನಾಟಕ ಎಲ್ಲ ಇರುತ್ತದೆ. ಆದರೆ ಬಂದವರೆಲ್ಲ ಕನ್ನಡದವರೇ. ನಮ್ಮ ಹಬ್ಬಕ್ಕೆ ನಾವೇ ಪ್ರೇಕ್ಷಕರು.

ಹೆರಿಟೇಜ್ ತಿಂಗಳು ಅಂದರೆ ಒಂದು ಸಮುದಾಯದ ಚರಿತ್ರೆ, ಸಂಸ್ಕೃತಿಯನ್ನು ಗೊತ್ತಿಲ್ಲದವರಿಗೆ ಗೊತ್ತು ಮಾಡಿಸಲು ಇಟ್ಟ ತಿಂಗಳು. ಅದು ಎರಡೂ ಕಡೆಯಿಂದ ಆಗಬೇಕು. ನಮ್ಮ ಕಥೆ ಅವರಿಗೆ ಹೇಳಬೇಕು, ಅವರ ಕಥೆ ನಾವು ಕೇಳಬೇಕು. ನನ್ನ ಪ್ರಕಾರ ಕೇಳುವುದು ಮೊದಲು ಆಗಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಅಮೆರಿಕದಲ್ಲಿ ಫೆಬ್ರವರಿ ಕಪ್ಪು ಜನರ ಚರಿತ್ರೆಯ ತಿಂಗಳು, ಅಂದರೆ ಬ್ಲ್ಯಾಕ್ ಹಿಸ್ಟರಿ ಮಂತ್. ಮಾರ್ಚ್ ಮಹಿಳೆಯರದ್ದು, ಜೊತೆಗೆ ಐರಿಷ್ ಮೂಲದವರದ್ದೂ ಹೌದು. ಏಪ್ರಿಲ್ ಅರಬ್ ಅಮೆರಿಕನ್ನರದ್ದು. ಮೇ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರದ್ದು. ಯಹೂದಿ ಅಮೆರಿಕನ್ನರ ತಿಂಗಳೂ ಮೇನಲ್ಲೇ ಬರುತ್ತದೆ. ಜೂನ್ ಕೆರಿಬಿಯನ್ ಮೂಲದವರಿಗೆ. ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಹಿಸ್ಪಾನಿಕ್ ಹೆರಿಟೇಜ್. ಅಕ್ಟೋಬರ್ ಫಿಲಿಪಿನೋ ಮತ್ತು ಇಟಾಲಿಯನ್ ಮೂಲದವರದ್ದು. ಕೆಲವು ರಾಜ್ಯಗಳು ಅದೇ ತಿಂಗಳನ್ನು ಹಿಂದೂ ಹೆರಿಟೇಜ್ ತಿಂಗಳು ಅಂತಲೂ ಘೋಷಿಸಿವೆ. ನವೆಂಬರ್ ಅಲ್ಲಿನ ಮೂಲನಿವಾಸಿಗಳದ್ದು.

ತಿಂಗಳ ನಡುವೆ ಶುರುವಾಗುವ ಹಿಸ್ಪಾನಿಕ್ ಹೆರಿಟೇಜ್ ನೋಡಿ ಇದೇನು ವಿಚಿತ್ರ ಅನ್ನಿಸಬಹುದು. ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರಿಕಾ ಈ ಐದೂ ದೇಶಗಳಿಗೆ ಸೆಪ್ಟೆಂಬರ್ 15 ಸ್ವಾತಂತ್ರ್ಯ ದಿನ. ಮರುದಿನ ಮೆಕ್ಸಿಕೋದ್ದು, 18ಕ್ಕೆ ಚಿಲಿಯದ್ದು. ಪ್ರತಿ ತಿಂಗಳ ಹಿಂದೆಯೂ ಹೀಗೆ ಒಂದು ಕಾರಣ ಇದ್ದೇ ಇರುತ್ತದೆ. ಅದನ್ನು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಪಕ್ಕದ ಮನೆಯ ಮೆಕ್ಸಿಕೋದವರಿಗೆ ಸೆಪ್ಟೆಂಬರ್ 16ರ ಬೆಳಿಗ್ಗೆ ಶುಭಾಶಯ ಹೇಳಿ ನೋಡಿ. ಹೆಚ್ಚಿನವರು ಮೇ 5ಕ್ಕೆ ಹೇಳುತ್ತಾರೆ, ಅದು ಸ್ವಾತಂತ್ರ್ಯ ದಿನವೇ ಅಲ್ಲ.

ಇನ್ನೊಂದು ವಿಷಯ ತಿಳಿದಿರಲಿ. ಸರ್ಕಾರ ತಿಂಗಳಿಗೆ ಹೆಸರು ಕೊಡುತ್ತದೆ ಅಷ್ಟೆ. ರಜೆ ಇಲ್ಲ, ಊರೂರಿಗೆ ದುಡ್ಡು ಹಂಚುವುದಿಲ್ಲ, ಮಾಡಲೇಬೇಕು ಅಂತಲೂ ಇಲ್ಲ. ಊರಿನ ಲೈಬ್ರರಿ, ಶಾಲೆ, ನಗರಸಭೆ, ಮತ್ತೆ ನಿಮ್ಮಂಥವರು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಲ್ಲ ತಿಂಗಳಿಗೂ ಕೈ ಹಾಕಬೇಡಿ. ಬೇರೆಯವರದ್ದು ಎರಡು, ನಮ್ಮದು ಒಂದು ಆರಿಸಿಕೊಳ್ಳಿ. ನಾನಾದರೆ ಫೆಬ್ರವರಿ, ಮೇ, ನವೆಂಬರ್ ಆರಿಸುತ್ತೇನೆ. ಮೂರಕ್ಕೂ ಕನ್ನಡದವರಿಗೆ ನಿಜವಾದ ನಂಟಿದೆ.

ಫೆಬ್ರವರಿ: ಮೊದಲು ಹೋಗಿ, ಕೂತು, ಕೇಳಿ

ಈ ತಿಂಗಳು ಶುರುವಾದದ್ದು ಒಂದು ವಾರವಾಗಿ. ಕಾರ್ಟರ್ ವುಡ್ಸನ್ ಅನ್ನುವ ಚರಿತ್ರೆಕಾರರು 1926ರಲ್ಲಿ ಶುರು ಮಾಡಿದರು. ಅವರ ತಂದೆ ತಾಯಿ ಗುಲಾಮರಾಗಿದ್ದವರು. ಅವರೇ ಕಲ್ಲಿದ್ದಲ ಗಣಿಯಲ್ಲಿ ದುಡಿದು, ತಡವಾಗಿ ಓದು ಮುಂದುವರಿಸಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಅಬ್ರಹಾಂ ಲಿಂಕನ್ ಮತ್ತು ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡ್ರಿಕ್ ಡಗ್ಲಸ್ ಇಬ್ಬರ ಹುಟ್ಟುಹಬ್ಬವೂ ಬರುತ್ತದೆ ಅಂತ ಫೆಬ್ರವರಿಯ ಎರಡನೇ ವಾರ ಆರಿಸಿದರು. 1970ರಲ್ಲಿ ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದನ್ನು ಇಡೀ ತಿಂಗಳು ಆಚರಿಸಿದರು. 1976ರಲ್ಲಿ ಅಧ್ಯಕ್ಷ ಫೋರ್ಡ್ ಒಪ್ಪಿಗೆಯ ಮುದ್ರೆ ಒತ್ತಿದರು.

‘ಇದಕ್ಕೂ ನಮಗೂ ಏನು ಸಂಬಂಧ?’ ಅಂತ ಕೂಟದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ನಮ್ಮ ವೀಸಾದಲ್ಲೇ ಇದೆ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವ ಇಲ್ಲ ಅಂದಿತು. ಥಿಂಡ್ ಅಮೆರಿಕದ ಸೈನ್ಯದಲ್ಲೇ ಇದ್ದವರು! 1946ರ ಕಾನೂನು ಪೌರತ್ವದ ಬಾಗಿಲು ತೆರೆಯಿತು, ಆದರೆ ಭಾರತಕ್ಕೆ ಕೊಟ್ಟ ಕೋಟಾ ವರ್ಷಕ್ಕೆ 100 ಜನ. ಇಡೀ ಭಾರತಕ್ಕೆ. ಆಮೇಲೆ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಬಂತು, 1964ರಲ್ಲಿ ಸಿವಿಲ್ ರೈಟ್ಸ್ ಕಾಯ್ದೆ ಬಂತು. ಅದೇ ಗಾಳಿಯಲ್ಲಿ 1965ರ ಅಕ್ಟೋಬರ್ 3ರಂದು ಹೊಸ ವಲಸೆ ಕಾನೂನಿಗೆ ಸಹಿ ಬಿತ್ತು. ಯಾವ ದೇಶದಲ್ಲಿ ಹುಟ್ಟಿದ್ದೀರಿ ಎಂದು ನೋಡಿ ತಡೆಯುವ ಹಳೆಯ ಕೋಟಾ ಪದ್ಧತಿ ಹೋಯಿತು. ಆಮೇಲಷ್ಟೇ ನಮ್ಮ ಡಾಕ್ಟರು, ಎಂಜಿನಿಯರುಗಳು ಸಾಲುಸಾಲಾಗಿ ಬಂದದ್ದು, ಊರೂರಲ್ಲಿ ಕನ್ನಡ ಕೂಟ ಹುಟ್ಟಿದ್ದು. ಬೇರೆಯವರು ಏಟು ತಿಂದು ತೆರೆಸಿದ ಬಾಗಿಲಿನಿಂದ ನಾವು ಒಳಗೆ ಬಂದೆವು. ಮಕ್ಕಳಿಗೆ ಇಷ್ಟನ್ನು ಹೇಳಿದರೂ ಸಾಕು.

ಇನ್ನೊಂದು ಕಥೆ ಇದೆ, ಅದು ನಮ್ಮ ಕರಾವಳಿಯಿಂದಲೇ ಬಂದದ್ದು. ಕಮಲಾದೇವಿ ಚಟ್ಟೋಪಾಧ್ಯಾಯ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದವರು. 1941ರಲ್ಲಿ ಅವರು ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಬಿಳಿಯರ ಡಬ್ಬಿಯಲ್ಲಿ ಕೂತಿದ್ದರು. ಟಿಕೆಟ್ ಕಲೆಕ್ಟರ್ ಬಂದು ಎದ್ದು ಹೋಗಿ ಅಂದ. ಇವರು ಏಳಲಿಲ್ಲ. ಇವರು ಕಪ್ಪು ಅಮೆರಿಕನ್ ಅಲ್ಲ ಅಂತ ಅವನಿಗೆ ಅನುಮಾನ ಬಂದಿರಬೇಕು, ಎಲ್ಲಿಯವರು ಅಂತ ವಿಚಾರಿಸಿದ. ಇಂಡಿಯಾ ಅಂತ ಒಂದು ಮಾತು ಹೇಳಿದ್ದರೆ ವಿದೇಶಿ ಅತಿಥಿ ಅಂತ ಬಿಟ್ಟುಬಿಡುತ್ತಿದ್ದನೇನೋ. ಅವರು ಅದನ್ನು ಹೇಳಿ ತಪ್ಪಿಸಿಕೊಳ್ಳಲಿಲ್ಲ. ತಾನು ಬಣ್ಣದ ಹೆಂಗಸು, ಇಲ್ಲಿಂದ ಏಳುವುದಿಲ್ಲ ಅಂದರು. ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆ ಬಿಳಿಯರಿಗೆ ಸೀಟು ಬಿಡದೆ ಬಸ್ಸಿನಲ್ಲಿ ಕೂತದ್ದು ಇದಾದ 14 ವರ್ಷಕ್ಕೆ. ಸಂಕ್ರಾಂತಿ ಕಾರ್ಯಕ್ರಮವನ್ನು ಹಲವು ಕೂಟಗಳು ಹಾಲ್ ಸಿಗದೆ ಫೆಬ್ರವರಿಗೆ ತಳ್ಳುತ್ತವೆ, ಅಲ್ವಾ? ಅಲ್ಲಿ ಮಕ್ಕಳ ಕೈಲಿ ಹತ್ತು ನಿಮಿಷದ ನಾಟಕಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳನ್ನೂ ನೆನೆಸಿಕೊಳ್ಳಿ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಕನ್ನಡ ಮಾತಾಡುವ ಆಫ್ರಿಕನ್ ಮೂಲದ ಜನ ಇದ್ದಾರೆ ಅಂದಾಗ ಇಲ್ಲಿನ ಕಪ್ಪು ಗೆಳೆಯರ ಕಣ್ಣು ಅರಳುತ್ತದೆ. ನಮ್ಮ ಮಕ್ಕಳ ಕಣ್ಣೂ ಅರಳುತ್ತದೆ, ಏಕೆಂದರೆ ಅವರಿಗೂ ಯಾರೂ ಹೇಳಿರುವುದಿಲ್ಲ.

ಇನ್ನು ಮಾಡುವುದೇನು? ಊರಿನ ಲೈಬ್ರರಿಯ ಫೆಬ್ರವರಿ ಪಟ್ಟಿ ನೋಡಿ, ಒಂದು ಕಾರ್ಯಕ್ರಮಕ್ಕೆ ಮನೆಮಂದಿ ಎಲ್ಲ ಹೋಗಿ. ಊರಿನ ಇತಿಹಾಸ ಸಂಘಕ್ಕೆ ಒಂದು ಈಮೇಲ್ ಹಾಕಿ, ಈ ಊರಿನಲ್ಲಿ ಕಪ್ಪು ಜನರ ಹಳೆಯ ಶಾಲೆ, ಚರ್ಚು, ಸ್ಮಶಾನ ಎಲ್ಲಿದೆ ಅಂತ ಕೇಳಿ. ಎಷ್ಟೋ ಸಲ ಅದು ನಾವು ದಿನಾ ಕಾರಿನಲ್ಲಿ ದಾಟುವ ಜಾಗವೇ ಆಗಿರುತ್ತದೆ. ಹೋದಲ್ಲಿ ಪ್ರಶ್ನೆ ಕೇಳಿ. ‘ನಮ್ಮ ಗಾಂಧಿಯಿಂದಲೇ ನಿಮ್ಮ ಕಿಂಗ್ ಕಲಿತದ್ದು’ ಅಂತ ಮೈಕ್ ಹಿಡಿದು ಶುರು ಮಾಡಬೇಡಿ. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದದ್ದು ನಿಜ. ಆದರೆ ಅವರ ತಿಂಗಳಲ್ಲಿ ನಮ್ಮ ಬಾವುಟ ಹಾರಿಸುವುದು ಬೇಡ.

ಆಫೀಸಿನಲ್ಲೂ ಒಂದು ಎಚ್ಚರ ಇರಲಿ. ತಂಡದಲ್ಲಿರುವ ಒಬ್ಬರೇ ಕಪ್ಪು ಸಹೋದ್ಯೋಗಿಯನ್ನು ಹಿಡಿದು ‘ಈ ತಿಂಗಳು ನೀವೇ ಮಾತಾಡಿ’ ಅನ್ನಬೇಡಿ. ಮೇನಲ್ಲಿ ನಮಗೆ ಯಾರಾದರೂ ಇಡೀ ಏಷ್ಯಾದ ಪರವಾಗಿ ಮಾತಾಡಿ ಅಂದರೆ ಹೇಗಿರುತ್ತದೆ?

ಮೇ: ಲೈಬ್ರರಿಯಲ್ಲಿ ಒಂದು ಕನ್ನಡ ಮೇಜು

ಇದು ಮುಖ್ಯವಾದ ಭಾಗ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೇ ತಿಂಗಳೇ ಯಾಕೆ ಅಂದರೆ, ಜಪಾನಿನಿಂದ ಮೊದಲ ವಲಸಿಗರು ಅಮೆರಿಕಕ್ಕೆ ಬಂದದ್ದು 1843ರ ಮೇ 7ರಂದು. ಪೂರ್ವ ಪಶ್ಚಿಮ ಸೇರಿಸುವ ರೈಲುದಾರಿ ಯೂಟಾದಲ್ಲಿ ಪೂರ್ತಿಯಾದದ್ದು 1869ರ ಮೇ 10ರಂದು. ಪಶ್ಚಿಮದ ಕಡೆಯಿಂದ ಬೆಟ್ಟ ಒಡೆದು ಕಂಬಿ ಹಾಕಿದವರಲ್ಲಿ ಹೆಚ್ಚಿನವರು ಚೀನೀ ಕೂಲಿಗಳು. 1979ರಲ್ಲಿ ಮೊದಲು ವಾರವಾಗಿ ಆಚರಿಸಿದರು. 1990ರಲ್ಲಿ ತಿಂಗಳಾಯಿತು. 1992ರಲ್ಲಿ ಕಾಯಂ ಕಾನೂನು ಬಂತು. ಭಾರತೀಯರೂ ಈ ಗುಂಪಿನಲ್ಲೇ ಬರುತ್ತೇವೆ, ಆದರೆ ನಮ್ಮವರು ಹೆಚ್ಚಿನವರು ಇದು ಚೀನಾ ಜಪಾನಿನವರ ವಿಷಯ ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಇದು ನಮ್ಮದೂ ಹೌದು.

ಶಾಲೆಗಿಂತ ಲೈಬ್ರರಿ ಯಾಕೆ ಒಳ್ಳೆಯದು? ಅಲ್ಲಿಗೆ ಎಲ್ಲ ವಯಸ್ಸಿನವರು ಬರುತ್ತಾರೆ. ಒಂದು ಗಂಟೆಯ ಭಾಷಣ ಮುಗಿದುಹೋಗುತ್ತದೆ, ಗಾಜಿನ ಕಪಾಟಿನಲ್ಲಿಟ್ಟ ಪ್ರದರ್ಶನ ತಿಂಗಳಿಡೀ ಇರುತ್ತದೆ. ಕಾಸೂ ಖರ್ಚಿಲ್ಲ.

ಜನವರಿಯಲ್ಲೇ ಕೇಳಿ. ಪ್ರದರ್ಶನದ ಕಪಾಟು ತಿಂಗಳುಗಟ್ಟಲೆ ಮೊದಲೇ ಬುಕ್ ಆಗಿರುತ್ತದೆ. ಕೌಂಟರ್‌ನಲ್ಲಿ ಕೇಳಿದರೆ ‘ಪ್ರೋಗ್ರಾಮ್ ಲೈಬ್ರರಿಯನ್’ ಅಥವಾ ಮಕ್ಕಳ ವಿಭಾಗದವರ ಈಮೇಲ್ ಕೊಡುತ್ತಾರೆ. ಪತ್ರ ಚಿಕ್ಕದಾಗಿರಲಿ. ನೀವು ಯಾರು, ಏನು ಇಡುತ್ತೀರಿ, ಎಷ್ಟು ಜಾಗ ಬೇಕು, ಕೊನೆಯ ವಾರದಲ್ಲಿ ಒಂದು ಶನಿವಾರ ಮಕ್ಕಳಿಗೆ ಏನು ಮಾಡಿಸುತ್ತೀರಿ, ಇಷ್ಟು ಸಾಕು. ನಾಡು ನುಡಿ ಅಂತ ಎರಡು ಪುಟ ಬರೆದರೆ ಓದುವುದಿಲ್ಲ.

ಕಪಾಟಿನಲ್ಲಿ ಏನಿಡಬೇಕು? ಎಲ್ಲವನ್ನೂ ತುರುಕಬೇಡಿ. ಐದು ವಸ್ತು ಸಾಕು. ಪ್ರತಿಯೊಂದರ ಪಕ್ಕ ಇಂಗ್ಲಿಷಿನಲ್ಲಿ ಮೂರು ಸಾಲು, ಅದರ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಹೆಸರು. ನನ್ನ ಪಟ್ಟಿ ಹೀಗೆ:

ಚನ್ನಪಟ್ಟಣದ ಒಂದು ಬುಗುರಿ ಅಥವಾ ಬೊಂಬೆ. ಆಲೆ ಮರವನ್ನು ತಿರುಗಣಿಗೆ ಹಾಕಿ ಕೆತ್ತಿ, ತಿರುಗುತ್ತಿರುವಾಗಲೇ ಬಣ್ಣದ ಅರಗು ಹಿಡಿಯುತ್ತಾರೆ, ಬಿಸಿಗೆ ಅದು ಕರಗಿ ಮರಕ್ಕೆ ಅಂಟುತ್ತದೆ ಅಂತ ಬರೆಯಿರಿ. ಮಾಡುವ ಬಗೆ ಹೇಳಿದರೆ ಜನ ನಿಂತು ಓದುತ್ತಾರೆ. ‘ಪ್ರಸಿದ್ಧವಾದ’, ‘ಪುರಾತನ’ ಅಂತ ಬರೆದರೆ ಮುಂದೆ ಹೋಗುತ್ತಾರೆ. ಬೊಂಬೆ ಗಾಜಿನ ಹಿಂದೆ ಇದ್ದರೆ, ಮುಟ್ಟಿ ನೋಡಲು ಇನ್ನೊಂದನ್ನು ಶನಿವಾರಕ್ಕೆ ತೆಗೆದಿಟ್ಟಿರಿ.

ಒಂದು ಬಿದರಿ ಡಬ್ಬಿ. ಸತುವು ತಾಮ್ರದ ಎರಕ, ಮೇಲೆ ಬೆಳ್ಳಿ ತಂತಿ. ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ಹಳೆಯ ಮಣ್ಣಿನಿಂದ. ಈ ಒಂದು ವಾಕ್ಯಕ್ಕೆ ಎಲ್ಲರೂ ಬೆರಗಾಗುತ್ತಾರೆ.

ಇಳಕಲ್ ಸೀರೆಯ ಸೆರಗು, ಮಡಿಸಿ ಹಿನ್ನೆಲೆಗೆ ಹಾಕಿ. ಮೇಜಿಗೂ ಅದೇ ಆಗುತ್ತದೆ. ಪಿನ್ ಚುಚ್ಚಬೇಡಿ, ಬಟ್ಟೆಯ ಕ್ಲಿಪ್ ಒಯ್ಯಿರಿ.

ಒಂದು ಪುಸ್ತಕ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ, ದೀಪಾ ಭಾಸ್ತಿ ಮಾಡಿದ್ದು, 2025ರ ಮೇನಲ್ಲಿ ಅಂತಾರಾಷ್ಟ್ರೀಯ ಬುಕರ್ ಗೆದ್ದಿತು. ಲೈಬ್ರರಿಯಲ್ಲಿ ಇಲ್ಲದಿದ್ದರೆ ಖರೀದಿಗೆ ಶಿಫಾರಸು ಮಾಡುವ ಅರ್ಜಿ ಅವರ ವೆಬ್‌ಸೈಟಿನಲ್ಲೇ ಇರುತ್ತದೆ, ತುಂಬಿ ಕಳಿಸಿ. ಪ್ರದರ್ಶನ ಮುಗಿದ ಮೇಲೂ ಪುಸ್ತಕ ಅಲ್ಲೇ ಉಳಿಯುತ್ತದೆ, ಅದೇ ದೊಡ್ಡ ಲಾಭ.

ಕೊನೆಗೆ ಒಂದು ಭೂಪಟ. ಅದರ ಮೇಲೆ ಒಂದೇ ಅಂಕಿ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಅಂದವರು ಸುಮಾರು 4.37 ಕೋಟಿ, ಅಂದರೆ ಇಡೀ ಕ್ಯಾಲಿಫೋರ್ನಿಯಾದ ಜನಸಂಖ್ಯೆಗಿಂತ ಜಾಸ್ತಿ. ಕೋಟಿಯ ಲೆಕ್ಕ ಇಲ್ಲಿನವರಿಗೆ ಹಿಡಿಯುವುದಿಲ್ಲ, ಕ್ಯಾಲಿಫೋರ್ನಿಯಾ ತಟ್ಟನೆ ಹಿಡಿಯುತ್ತದೆ.

ಜಾಗ ಮಿಕ್ಕರೆ ದಲೀಪ್ ಸಿಂಗ್ ಸೌಂದ್ ಅವರ ಫೋಟೋ ಹಾಕಿ. ಅಮೆರಿಕದ ಕಾಂಗ್ರೆಸ್ಸಿಗೆ ಗೆದ್ದ ಮೊದಲ ಏಷ್ಯನ್ ಅಮೆರಿಕನ್ ಅವರು. ಗೆದ್ದದ್ದು 1956ರ ನವೆಂಬರ್ 6ರಂದು. ನಮ್ಮ ನಾಡು ಒಂದಾಗಿ ಇನ್ನೂ ಒಂದು ವಾರ ಆಗಿರಲಿಲ್ಲ.

ಇನ್ನು ಆ ಶನಿವಾರ. ಹಾಡು ನೃತ್ಯಕ್ಕಿಂತ ಹೆಚ್ಚು ಜನರನ್ನು ಎಳೆಯುವುದು ಹೆಸರು ಬರೆದುಕೊಡುವ ಮೇಜು. ‘ನಿಮ್ಮ ಹೆಸರು ಕನ್ನಡದಲ್ಲಿ’ ಅಂತ ಬೋರ್ಡು ಹಾಕಿ. ದಪ್ಪ ಮಾರ್ಕರ್, ಇಂಡೆಕ್ಸ್ ಕಾರ್ಡಿನ ಕಟ್ಟು, ಒಂದು ಅಕ್ಷರಮಾಲೆಯ ಹಾಳೆ ಇಷ್ಟೇ ಸಾಮಾನು. ಬರೆಯಲು ನಮ್ಮ ಕನ್ನಡ ಶಾಲೆಯ ಮಕ್ಕಳನ್ನೇ ಕೂರಿಸಿ. ದೊಡ್ಡವರು ಹಿಂದೆ ನಿಂತಿರಲಿ. ಹೆಸರು ಓದಿ ಬರೆಯಬೇಡಿ, ಬಾಯಿಬಿಟ್ಟು ಹೇಳಿಸಿ ಬರೆಯಿರಿ, ಏಕೆಂದರೆ ಒಂದೇ ಸ್ಪೆಲ್ಲಿಂಗಿಗೆ ಮೂರು ಉಚ್ಚಾರ ಇರುತ್ತದೆ. ಕಾರ್ಡಿನಲ್ಲಿ ಪ್ರತಿ ಅಕ್ಷರದ ಕೆಳಗೆ ಅದರ ಸದ್ದನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದುಕೊಡಿ. ಮಾರ್ಕ್ ಅನ್ನುವವರು ಬಂದರೆ ಸಾಲು ನಿಂತುಬಿಡುತ್ತದೆ. ‘ರ’ ಮೊದಲು ಕೇಳಿಸುತ್ತದೆ, ಆದರೆ ಅರ್ಕಾವತ್ತು ‘ಕ’ ಆದ ಮೇಲೆ ಬರುತ್ತದೆ. ಅದು ಯಾಕೆ ಅಂತ ಎಂಟು ವರ್ಷದ ಮಗು ವಿವರಿಸುವುದನ್ನು ಕೇಳಲು ಹಿಂದಿನವರೂ ಬಗ್ಗುತ್ತಾರೆ. ನಾವು ಕರೆದುಕೊಂಡು ಬಂದಾಗ ಮುಖ ಗಂಟು ಹಾಕಿಕೊಂಡಿದ್ದ ಮಕ್ಕಳೇ ಇಲ್ಲಿ ಮೇಷ್ಟ್ರಾಗಿಬಿಡುತ್ತಾರೆ.

ತಿಂಡಿಯ ವಿಷಯ. ಲೈಬ್ರರಿಯಲ್ಲಾಗಲಿ ಶಾಲೆಯಲ್ಲಾಗಲಿ ಮನೆಯ ಅಡುಗೆ ಬಿಡುತ್ತಾರಾ ಅಂತ ಮೊದಲೇ ಕೇಳಿ. ಹಲವು ಕಡೆ ಬಿಡುವುದಿಲ್ಲ. ಕೋಡುಬಳೆ, ಮೈಸೂರು ಪಾಕ್ ಅಂಗಡಿ ಪ್ಯಾಕೆಟ್ಟಿನದ್ದೇ ಇರಲಿ, ಏನೇನು ಹಾಕಿದ್ದಾರೆ ಅನ್ನುವ ಚೀಟಿ ಕಾಣುವಂತೆ ಇಡಿ. ಕಡಲೆಕಾಯಿ, ಗೋಡಂಬಿ, ಎಳ್ಳು ಮೂರೂ ಅಲರ್ಜಿಯವು. ಚಿಕ್ಕಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ನಗರಸಭೆಯ ಘೋಷಣೆ

ಮೇಯರ್ ಕೈಯಿಂದ ಪ್ರೊಕ್ಲಮೇಷನ್ ಕೊಡಿಸುವುದು ಅಂದರೆ ದೊಡ್ಡ ಶಿಫಾರಸು ಬೇಕು ಅಂದುಕೊಳ್ಳಬೇಡಿ. ಹೆಚ್ಚಿನ ನಗರಗಳ ವೆಬ್‌ಸೈಟಿನಲ್ಲಿ ಅದಕ್ಕೆಂದೇ ಅರ್ಜಿ ಇರುತ್ತದೆ. ಅರ್ಜಿ ಹಾಕುವವರು ಆ ಊರಿನ ನಿವಾಸಿ ಆಗಿರಬೇಕು, ಕೆಲವು ವಾರ ಮೊದಲೇ ಕೊಡಬೇಕು. ಎರಡು ತಿಂಗಳು ಇಟ್ಟುಕೊಂಡರೆ ನಿಶ್ಚಿಂತೆ. ಘೋಷಣೆಯ ಕರಡನ್ನು ಸಾಮಾನ್ಯವಾಗಿ ನೀವೇ ಬರೆದುಕೊಡಬೇಕು. ‘ಆದ್ದರಿಂದ’, ‘ಆದಕಾರಣ’ ಅಂತ ಸಾಗುವ ನಾಲ್ಕೈದು ವಾಕ್ಯದ ಕಟ್ಟು ಅದು. ಹಿಂದಿನ ವರ್ಷದ್ದು ಯಾವುದಾದರೂ ನಗರಸಭೆಯ ನಡಾವಳಿಯಲ್ಲಿ ಸಿಗುತ್ತದೆ, ಅದನ್ನು ನೋಡಿಕೊಂಡು ಬರೆಯಿರಿ.

ಕರಡಿನಲ್ಲಿ ನಾಡಿನ ಹಿರಿಮೆ ಒಂದು ವಾಕ್ಯ ಸಾಕು. ಉಳಿದದ್ದೆಲ್ಲ ಆ ಊರಿನ ಬಗ್ಗೆ ಇರಲಿ. ಇಲ್ಲಿನ ಕನ್ನಡದವರು ಯಾವಾಗಿನಿಂದ ಇದ್ದಾರೆ, ಫುಡ್ ಬ್ಯಾಂಕಿನಲ್ಲಿ ಏನು ಮಾಡುತ್ತಾರೆ, ಕನ್ನಡ ತರಗತಿ ಎಲ್ಲಿ ನಡೆಯುತ್ತದೆ. ಮೇಯರ್ ಓದುವಾಗ ಸಭೆಯಲ್ಲಿ ಕೂತವರು ‘ಓ, ಆ ಜಾಗವಾ’ ಅಂದುಕೊಳ್ಳಬೇಕು. ಓದುವವರಿಗೆ ‘ಕನ್ನಡ’, ‘ಕರ್ನಾಟಕ’ ಎರಡರ ಉಚ್ಚಾರ ಬರೆದುಕೊಡಿ. ಇಲ್ಲದಿದ್ದರೆ ಕನ್ನಡ ಹೋಗಿ ಕೆನಡಾ ಆಗುತ್ತದೆ, ಕಾಗದದಲ್ಲೂ ಆಗಬಹುದು. ಸಹಿಗೆ ಹೋಗುವ ಮೊದಲು ಕರಡನ್ನು ಒಮ್ಮೆ ಕೇಳಿ ಪಡೆದು ನೋಡಿ.

ಸಭೆಗೆ ಹೋದವರು ಫೋಟೋ ತೆಗೆಸಿಕೊಂಡು ಒಟ್ಟಿಗೆ ಎದ್ದು ಬಂದುಬಿಡುತ್ತಾರೆ. ಅದೊಂದು ನೋಡಲು ಚೆನ್ನಾಗಿರುವುದಿಲ್ಲ. ಇನ್ನರ್ಧ ಗಂಟೆ ಕೂತು ಊರಿನ ಚರಂಡಿ, ರಸ್ತೆ ಚರ್ಚೆ ಕೇಳಿ. ಊರಿನವರು ಅನ್ನಿಸಿಕೊಳ್ಳುವುದು ಅಲ್ಲೇ.

ನವೆಂಬರ್: ರಾಜ್ಯೋತ್ಸವದ ತಿಂಗಳು ಇನ್ನೊಬ್ಬರದ್ದೂ ಹೌದು

1956ರ ನವೆಂಬರ್ 1ಕ್ಕೆ ನಾಡು ಒಂದಾಯಿತು, 1973ರಲ್ಲಿ ಅದೇ ದಿನ ಕರ್ನಾಟಕ ಅನ್ನುವ ಹೆಸರು ಬಂತು. ಆದ್ದರಿಂದ ನವೆಂಬರ್ ನಮ್ಮದು. 1990ರಿಂದ ಅಮೆರಿಕದಲ್ಲಿ ನವೆಂಬರ್ ಮೂಲನಿವಾಸಿಗಳ ಹೆರಿಟೇಜ್ ತಿಂಗಳು. ನುಡಿಗಾಗಿ ತಿಂಗಳಿಡೀ ಹಬ್ಬ ಮಾಡುವ ನಾವು, ಅದೇ ತಿಂಗಳು ನುಡಿ ಉಳಿಸಿಕೊಳ್ಳಲು ಹೆಣಗುತ್ತಿರುವವರ ಕಡೆ ತಿರುಗಿಯೂ ನೋಡುವುದಿಲ್ಲ ಅಂದರೆ ಅದು ಸರಿಯಲ್ಲ.

ನೀವಿರುವ ನೆಲ ಯಾರದ್ದಾಗಿತ್ತು ಅಂತ ಮೊದಲು ತಿಳಿದುಕೊಳ್ಳಿ. ನೇಟಿವ್ ಲ್ಯಾಂಡ್ ಡಿಜಿಟಲ್ ಅನ್ನುವ ಜಾಲತಾಣದ ನಕ್ಷೆಯಲ್ಲಿ ವಿಳಾಸ ಹಾಕಿದರೆ ತೋರಿಸುತ್ತದೆ. ಎಡಿಸನ್ ಕಡೆಯವರಿಗೆ ಲೆನಾಪೆ ಅಂತ ಬರುತ್ತದೆ. ಫ್ರೀಮಾಂಟ್, ಸನ್ನಿವೇಲ್ ಕಡೆಯವರಿಗೆ ಒಹ್ಲೋನಿ. ಆಮೇಲೆ ಆ ಜನರದ್ದೇ ಜಾಲತಾಣಕ್ಕೆ ಹೋಗಿ, ಅವರು ತಮ್ಮ ಬಗ್ಗೆ ತಾವೇ ಏನು ಹೇಳಿಕೊಂಡಿದ್ದಾರೆ ಓದಿ. ಅವರು ಮುಗಿದುಹೋದ ಜನ ಅಲ್ಲ, ಈಗಲೂ ಇದ್ದಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ಆ ಹೆಸರು ಹೇಳಿ ಶುರು ಮಾಡಬಹುದು, ಆದರೆ ಹೆಸರು ಹೇಳಿ ಕೈ ತೊಳೆದುಕೊಂಡರೆ ಏನು ಬಂತು? ಅವರ ಭಾಷೆ ಕಲಿಸುವ ಸಂಸ್ಥೆ ಇದ್ದರೆ ಟಿಕೆಟ್ ದುಡ್ಡಿನಲ್ಲಿ ಒಂದು ಪಾಲು ಕಳಿಸಿ.

ಕನ್ನಡ ಶಾಲೆಯ ಮಕ್ಕಳಿಗೆ ಸಿಕ್ವೋಯಾ ಕಥೆ ಹೇಳಿ. ಚೆರೋಕಿ ಜನರಲ್ಲಿ ಹುಟ್ಟಿದ ಅಕ್ಕಸಾಲಿಗ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಿಳಿಯರು ಕಾಗದದ ಮೇಲೆ ಮಾತನ್ನು ಹಿಡಿಯುವುದನ್ನು ನೋಡಿ, ನಮ್ಮ ಮಾತಿಗೂ ಇದು ಆಗಬೇಕು ಅಂತ ಹಟ ಹಿಡಿದ. ಮೊದಲು ಪದಕ್ಕೊಂದು ಗುರುತು ಮಾಡಲು ಹೋಗಿ ಸೋತ. ಆಮೇಲೆ ಮಾತನ್ನು ಒಡೆದು, ‘ಗಾ’ಗೆ ಒಂದು, ‘ಗೆ’ಗೆ ಒಂದು, ‘ಗಿ’ಗೆ ಒಂದು ಅಂತ ಗುರುತು ಮಾಡುತ್ತಾ ಹೋದ. 1821ರ ಹೊತ್ತಿಗೆ ಲಿಪಿ ಸಿದ್ಧವಾಯಿತು, 80ಕ್ಕೂ ಸ್ವಲ್ಪ ಹೆಚ್ಚು ಅಕ್ಷರ. ಅವನ ಮೊದಲ ವಿದ್ಯಾರ್ಥಿ ಅವನ ಪುಟ್ಟ ಮಗಳು. ಕೆಲವೇ ವರ್ಷಗಳಲ್ಲಿ ಚೆರೋಕಿ ಜನ ಓದು ಬರಹ ಕಲಿತರು. 1828ರಲ್ಲಿ ಜಾರ್ಜಿಯಾದ ನ್ಯೂ ಎಚೋಟಾದಿಂದ ಅವರ ಪತ್ರಿಕೆ ಹೊರಬಂತು.

ಇದನ್ನು ಕಾಗುಣಿತದ ಪಾಠದ ದಿನವೇ ಹೇಳಬೇಕು. ಬೋರ್ಡಿನ ಎಡಕ್ಕೆ ಗ ಗಾ ಗಿ ಗೀ, ಬಲಕ್ಕೆ ಚೆರೋಕಿಯ ಅದೇ ಸಾಲು. ನಮ್ಮಲ್ಲಿ ‘ಗ’ದ ರೂಪ ಉಳಿದು ತಲೆಯ ಮೇಲಿನ ಗುರುತು ಬದಲಾಗುತ್ತದೆ. ಅವರಲ್ಲಿ ಪ್ರತಿ ಸಲವೂ ಪೂರ್ತಿ ಹೊಸ ಅಕ್ಷರ. ಯಾವುದು ಕಲಿಯಲು ಸುಲಭ ಅಂತ ಮಕ್ಕಳನ್ನೇ ಕೇಳಿ, ಜಗಳ ಹತ್ತುತ್ತದೆ. ಒಬ್ಬನೇ ಮನುಷ್ಯ ಒಂದು ಲಿಪಿ ಮಾಡಿದ ಅನ್ನುವುದನ್ನು ದೊಡ್ಡವರೂ ನಂಬುವುದಿಲ್ಲ.

ಗರಿಯ ಕಿರೀಟ ಕಾಗದದಲ್ಲಿ ಮಾಡಿಸುವ ಚಟುವಟಿಕೆ ಮಾತ್ರ ಬೇಡ. ಅಮೆರಿಕದ ನಡುವಿನ ಬಯಲು ಪ್ರದೇಶದ ಕೆಲವು ಮೂಲನಿವಾಸಿ ಜನಾಂಗಗಳಲ್ಲಿ ಅದು ಗೆದ್ದು ಪಡೆಯುವ ಗೌರವ. ಸುಮ್ನೆ ತೊಡುವ ವೇಷ ಅಲ್ಲ.

ಶಾಲೆ ಮತ್ತು ಆಫೀಸು

ಸರ್ಕಾರಿ ಶಾಲೆಯಲ್ಲಿ ದಸರಾ, ದೀಪಾವಳಿ ಬಗ್ಗೆ ಹೇಳಬಹುದು. ಪೂಜೆ ಮಾಡಿಸುವ ಹಾಗಿಲ್ಲ. ಗೊಂಬೆ ಕೂರಿಸುವುದು ಹೇಗೆ, ಯಾರ ಮನೆಯಲ್ಲಿ ಎಷ್ಟು ಮೆಟ್ಟಿಲು ಅಂತ ಹೇಳಿ. ಆರತಿ ತಟ್ಟೆ ಹಿಡಿದು ಸುತ್ತುವುದು ಬೇಡ. ಮಾತು ಹದಿನೈದು ನಿಮಿಷ ದಾಟದಿರಲಿ. ಚಿಕ್ಕ ಮಕ್ಕಳಿಗೆ ಕೈಯಲ್ಲಿ ಹಿಡಿಯುವ ವಸ್ತು ಇಲ್ಲದೆ ಹೋಗಲೇಬೇಡಿ. ಟೀಚರಿಗೆ ಹಿಂದಿನ ದಿನವೇ ಸ್ಲೈಡು ಕಳಿಸಿ.

ಆಫೀಸಿನವರು ಮೊದಲು ಈಗಿನ ನಿಯಮ ಏನು ಅಂತ ವಿಚಾರಿಸಿಕೊಳ್ಳಿ. 2025ರ ಜನವರಿ 31ರಂದು ಅಮೆರಿಕದ ರಕ್ಷಣಾ ಇಲಾಖೆ ಇಂಥ ತಿಂಗಳುಗಳ ಆಚರಣೆಗೆ ಇಲಾಖೆಯ ಸಮಯ, ಸಂಪನ್ಮೂಲ ಬಳಸುವಂತಿಲ್ಲ ಅಂತ ಆದೇಶ ಹೊರಡಿಸಿತು. ಟೆಕ್ಸಾಸ್, ಫ್ಲೋರಿಡಾದಂಥ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಬಿಗಿ ನಿಯಮ ಬಂದಿದೆ. ಅಲ್ಲಿ ಕೆಲಸ ಮಾಡುವವರು ಆಫೀಸಿನ ಈಮೇಲ್‌ನಿಂದ ಆಹ್ವಾನ ಕಳಿಸಿ ತೊಂದರೆಗೆ ಸಿಕ್ಕಿಕೊಳ್ಳಬೇಡಿ. ಲೈಬ್ರರಿಯ ಕೋಣೆ, ಸಂಜೆಯ ಹೊತ್ತು, ನಿಮ್ಮ ಸ್ವಂತ ಈಮೇಲ್ ಇಟ್ಟುಕೊಂಡರೆ ಯಾರ ಹಂಗೂ ಇಲ್ಲ. ನನಗಂತೂ ಆಫೀಸಿನ ಊಟದ ಹೊತ್ತಿನ ಸಮೋಸ ಕಾರ್ಯಕ್ರಮ ಹೋದರೆ ದೊಡ್ಡ ನಷ್ಟ ಅನ್ನಿಸುವುದಿಲ್ಲ.

ಕೆನಡಾ, ಬ್ರಿಟನ್‌ನಲ್ಲಿ ಇರುವವರಿಗೆ

ಕೆನಡಾದಲ್ಲೂ ಫೆಬ್ರವರಿ ಮತ್ತು ಮೇ ಅಮೆರಿಕದ ಹಾಗೆಯೇ. ಮೂಲನಿವಾಸಿಗಳ ತಿಂಗಳು ಮಾತ್ರ ಜೂನ್. ತಮಿಳರು ಜನವರಿಯನ್ನು, ಸಿಖ್ಖರು ಏಪ್ರಿಲನ್ನು ಸಂಸತ್ತಿನಲ್ಲೇ ಒಪ್ಪಿಸಿಕೊಂಡಿದ್ದಾರೆ. ಅವರು ಅದನ್ನು ಹೇಗೆ ಮಾಡಿಸಿಕೊಂಡರು ಅಂತ ನೋಡಿ ಕಲಿಯುವಂತಿದೆ. ಒಂಟಾರಿಯೋ ಪ್ರಾಂತ್ಯದಲ್ಲಿ ಮೊದಲು ಆಯಿತು, ಆಮೇಲೆ ದೇಶದ ಮಟ್ಟಕ್ಕೆ ಹೋಯಿತು. ನವೆಂಬರ್ ಅಲ್ಲಿ ಹಿಂದೂ ಹೆರಿಟೇಜ್ ತಿಂಗಳು. 2022ರಲ್ಲಿ ಆ ನಿರ್ಣಯ ತಂದವರು ಆಗ ಸಂಸದರಾಗಿದ್ದ ಚಂದ್ರ ಆರ್ಯ, ನಮ್ಮ ತುಮಕೂರು ಜಿಲ್ಲೆಯ ಶಿರಾ ಕಡೆಯವರು. ಅದೇ ವರ್ಷ ಮೇನಲ್ಲಿ ಆ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದವರೂ ಅವರೇ. ಆ ವಿಡಿಯೋ ಚಿಕ್ಕದು. ಶಾಲೆಯಲ್ಲಿ ಹೇಳುವ ಕಾರ್ಯಕ್ರಮಕ್ಕೆ ಅದರಿಂದಲೇ ಶುರು ಮಾಡಬಹುದು.

ಬ್ರಿಟನ್ನಿನಲ್ಲಿ ಬ್ಲ್ಯಾಕ್ ಹಿಸ್ಟರಿ ಮಂತ್ ಅಕ್ಟೋಬರ್‌ನಲ್ಲಿ ಬರುತ್ತದೆ, 1987ರಿಂದ. ಸೌತ್ ಏಷ್ಯನ್ ಹೆರಿಟೇಜ್ ಮಂತ್ 2020ರಲ್ಲಿ ಶುರುವಾಯಿತು. ಆಗ ಜುಲೈ 18ರಿಂದ ಆಗಸ್ಟ್ 17ರವರೆಗೆ ಅಂತ ಇಟ್ಟರು. ಭಾರತದ ಸ್ವಾತಂತ್ರ್ಯ ಕಾಯ್ದೆಗೆ ಒಪ್ಪಿಗೆ ಸಿಕ್ಕ ದಿನದಿಂದ ದೇಶ ಒಡೆದ ರ‍್ಯಾಡ್‌ಕ್ಲಿಫ್ ಗೆರೆ ಪ್ರಕಟವಾದ ದಿನದವರೆಗೆ. ಈ ವರ್ಷದ ದಿನಾಂಕವನ್ನು ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಲಂಡನ್ ಕನ್ನಡದವರಿಗೆ ಹಾಲ್ ಕೂಡ ಬೇಕಿಲ್ಲ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ. ಬೇಸಿಗೆಯ ಸಂಜೆ ಅಲ್ಲಿ ಸೇರಿ, ಕನ್ನಡ ಬಾರದ ಗೆಳೆಯರನ್ನು ಒಬ್ಬೊಬ್ಬರು ಒಬ್ಬೊಬ್ಬರಂತೆ ಕರೆದುಕೊಂಡು ಬನ್ನಿ. ಎರಡು ವಚನ ಕನ್ನಡದಲ್ಲಿ ಓದಿ, ಅವನ್ನೇ ಇಂಗ್ಲಿಷಿನಲ್ಲಿ ಓದಿ. ನಿಂತು ಓದಿ ಹೋಗುವ ಚಿಕ್ಕ ಗುಂಪಾದರೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಮೈಕು, ಬ್ಯಾನರು, ಕುರ್ಚಿ ಬೇಕು ಅಂದರೆ ಲ್ಯಾಂಬೆತ್ ಕೌನ್ಸಿಲ್‌ಗೆ ಮೊದಲೇ ಅರ್ಜಿ ಹಾಕಿ.